ಕಬ್ಬಿನೊಳಗಿನ ಕಾಣದ ಪ್ರಾಣಿ

ಎಲ್ಲರ ಗದ್ದೆಯಲ್ಲೂ ಕಬ್ಬು ಬೆಳೆಯುತ್ತದೆ. ನಾನು ಕಾಲಿಟ್ಟ ಗದ್ದೆಯಲ್ಲಿ ಮಾತ್ರ ಪ್ರಸಂಗಗಳೂ ಬೆಳೆಯುತ್ತವೆ. ಏನು ಮಾಡಲಿ, ಮಳವಳ್ಳಿಯಿಂದ ಮದ್ದೂರಿನವರೆಗೆ ನನ್ನಂಥ ಮೀಸೆ ಇನ್ನೊಂದಿಲ್ಲ. ಅದನ್ನು ನೋಡಲು ಅವೇ ಹುಡುಕಿಕೊಂಡು ಬರುತ್ತವೆ.

೧. ಗಂಟು

ಮಂಡ್ಯದಲ್ಲಿ ನನ್ನದೊಂದು ಪುಸ್ತಕದಂಗಡಿ, ಮನೆ ಕೊತ್ತತ್ತಿಯಲ್ಲಿ. ಇದೆಯೋ ಇಲ್ಲವೋ ಗೊತ್ತಿಲ್ಲದ ಪ್ರಾಣಿಗಳನ್ನು ಹುಡುಕುವುದು ಹೇಗೆ ಅಂತ ಮಕ್ಕಳಿಗೆ ಮೊದಲ ಪಾಠ ಹೇಳುವ ಪುಸ್ತಕವೊಂದು ಅಂಗಡಿಗೆ ಬಂತು. ಹಿಮದಲ್ಲಿ ನಡೆಯುವ ರೋಮದ ಮನುಷ್ಯ, ಸರೋವರದ ಉದ್ದ ಕತ್ತಿನ ಜೀವಿ, ಎಲ್ಲ ಅದರಲ್ಲಿದ್ದವು. ತಮ್ಮನ ಮಗಳಿಗೆ ತಂದುಕೊಟ್ಟೆ.

ಮಾರನೇ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಗೂಟ ಇದೆ, ಹಗ್ಗ ಇದೆ, ನಮ್ಮ ಎಮ್ಮೆ ಗೌರಿ ಇಲ್ಲ.

"ಇವತ್ತೋ ನಾಳೆಯೋ ಈಯೋ ಎಮ್ಮೆ! ರಾತ್ರಿ ಕಟ್ಟಿದ್ದು ಯಾರು?" ಹೆಂಡತಿ ಎದೆ ಬಡಿದುಕೊಂಡಳು.

ಕಟ್ಟಿದ್ದು ನಾನೇ. ನಾನು ಹಾಕಿದ ಗಂಟನ್ನು ಆನೆಯೂ ಬಿಚ್ಚಲಾರದು. ಗದ್ದೆ ಕಡೆ ಹುಡುಕಿಕೊಂಡು ಹೋದವನು ಓಡಿಬಂದು ಹೇಳಿದೆ: "ಗಂಟು ಬಿಚ್ಚೋ ಪ್ರಾಣಿ ಬಂದೈತೆ ಕಣೇ! ಕಬ್ಬಿನೊಳಗೆ ಕಣ್ಣಾರೆ ನೋಡ್ದೆ. ಮೈತುಂಬ ಕೂದ್ಲು, ನೆಲ ಗುಡಿಸ್ತದೆ!"

ಹುಡುಗಿ ಪುಸ್ತಕ ತೆರೆದಳು. "ದೊಡ್ಡಪ್ಪ, ಎಷ್ಟು ದೂರದಿಂದ ನೋಡ್ದೆ?"

"ಒಂದೇ ಮಾರು."

"ಕನ್ನಡಕ ಆಕಿದ್ದಾ?"

"ಆಕಿದ್ದೆ ಕಣವ್ವ!"

ಕನ್ನಡಕ ಅವಳ ಕೈಯಲ್ಲಿತ್ತು.

೨. ಹೆಜ್ಜೆ

ಬದುವಿನ ಕೆಸರಲ್ಲಿ ಹೆಜ್ಜೆ ಸಿಕ್ಕವು. ಹುಡುಗಿ ಸ್ಕೇಲಿಟ್ಟು ಅಳೆದಳು. "ಇದು ಎಮ್ಮೆ ಹೆಜ್ಜೆ ದೊಡ್ಡಪ್ಪ. ಗೊತ್ತಿರೋ ಪ್ರಾಣೀನೇ ಮೊದ್ಲು ಅನುಮಾನಿಸ್ಬೇಕು ಅಂತ ಪುಸ್ತಕದಲ್ಲೈತೆ."

"ಕಿಲಾಡಿ ಪ್ರಾಣಿ ಕಣವ್ವ. ಎಮ್ಮೆ ಹೆಜ್ಜೆ ಮೇಲೇ ಹೆಜ್ಜೆ ಇಕ್ಕೊಂಡು ಓಗೈತೆ."

ಕಬ್ಬು ಕಡಿಯಲು ಆಳು ಕರೆತಂದಿದ್ದ ಮೇಸ್ತ್ರಿ ನಕ್ಕ. "ಅಣ್ಣೋ, ಪ್ರಾಣಿ ಇಲ್ದಿದ್ರೆ?"

"ಮೀಸೆ ಬೋಳಿಸ್ತೀನಿ ಕಣ್ಲಾ!"

ಆ ಮಾತಿಗೆ ಮೊದಲು ನಡುಗಿದ್ದು ನಾನಲ್ಲ, ಮೀಸೆ.

೩. ಕಡೇ ತುಂಡು

ಕಬ್ಬು ಕಡಿಯುತ್ತಾ ಹೋದಂತೆ ಒಳಗಿರುವ ಹಂದಿ, ನರಿ ಎಲ್ಲ ಸರಿದು ಸರಿದು ಕಡೇ ತುಂಡಿಗೆ ಸೇರುತ್ತವೆ. ಅದಕ್ಕೇ ಅದರ ಸುತ್ತ ದೊಣ್ಣೆ ಹಿಡಿದು ನಿಲ್ಲುವುದು ನಮ್ಮ ಕಡೆ ವಾಡಿಕೆ. ಮೊನ್ನೆ ಪಕ್ಕದೂರಲ್ಲಿ ಅಂಥ ತುಂಡಿನಿಂದ ಚಿರತೆಯೇ ನೆಗೆದಿತ್ತು.

ಸಂಜೆ ಹೊತ್ತಿಗೆ ಮನೆಯಷ್ಟಗಲ ಕಬ್ಬು ಉಳಿಯಿತು. ಒಳಗೆ ಲಟಕ್ ಅಂತ ಜಲ್ಲೆ ಮುರಿಯಿತು. ಆಳುಗಳು ಹಿಂದೆ ಸರಿದರು.

"ಕಂಡಿರೋನು ನೀನೊಬ್ನೇ. ಮುಂದೆ ನಿಂತ್ಕೊ," ಅಂದ ಮೇಸ್ತ್ರಿ.

ನಿಂತೆ. ಎರಡು ಹೆಜ್ಜೆ ಹಿಂದೆ ಸರಿದದ್ದು ಓಡಿಬಂದು ಎಗರುವುದಕ್ಕೆ. ಚಿರತೆ ಬಂದರೆ ಪ್ರಾಣ ಹೋಗುತ್ತೆ, ಎಮ್ಮೆ ಬಂದರೆ ಮೀಸೆ. ದೇವರಾಣೆಗೂ ಚಿರತೆಯೇ ಬರಲಿ ಅಂತ ಬೇಡಿಕೊಂಡೆ.

ಕಬ್ಬು ಸೀಳಿಕೊಂಡು ಬಂತು! ಮೈತುಂಬ ಕೂದಲು, ನೆಲ ಗುಡಿಸುತ್ತಿದೆ!

"ನೋಡ್ರಲಾ!" ಅಂತ ಕಿರುಚಿದೆ.

"ಗೌರೀ..." ಅಂದಳು ಬದುವಿನ ಮೇಲೆ ನಿಂತಿದ್ದ ಹೆಂಡತಿ.

ಅದು ಮೈ ಕೊಡವಿತು. ಕೊಂಬಿಗೆ, ಬೆನ್ನಿಗೆ ಸಿಕ್ಕಿಕೊಂಡಿದ್ದ ಕಬ್ಬಿನ ಒಣ ತರಗೆಲ್ಲ ಉದುರಿ ಒಳಗಿಂದ ನಮ್ಮ ಎಮ್ಮೆ ಕಾಣಿಸಿತು. ಹಿಂದೆಯೇ ತೂರಾಡುತ್ತಾ ಒಂದು ಕರು.

"ಈ ಕರುವನ್ನ ನಿಮ್ಮಲ್ಲಿ ಯಾರಾದ್ರೂ ಇದಕ್ಕೆ ಮೊದ್ಲು ಕಂಡಿದ್ರಾ? ಇದೇ ಕಣ್ರಲಾ ಕಾಣದ ಪ್ರಾಣಿ!" ಅಂದೆ. ಮೇಸ್ತ್ರಿ ಆಗಲೇ ಕ್ಷೌರದವನಿಗೆ ಫೋನು ಮಾಡುತ್ತಿದ್ದ.

ಮೀಸೆ ಹೋಯಿತು. ಹುಡುಗಿ ನನ್ನ ಬೋಳು ಮುಖವನ್ನು ಎಡಕ್ಕೊಂದು ಸಲ, ಬಲಕ್ಕೊಂದು ಸಲ ತಿರುಗಿಸಿ ನೋಡಿದಳು.

"ಕಂಡೋರು ಊರ ತುಂಬ ಅವ್ರೆ, ಪುರಾವೆ ಮಾತ್ರ ಒಂದೂ ಇಲ್ಲ. ದೊಡ್ಡಪ್ಪ, ಈಗ ನಿನ್ ಮೀಸೆ ಈ ಪುಸ್ತಕಕ್ಕೆ ಸೇರ್ತದೆ ಬುಡು."