ಗಂಟೆ ಬಾರಿಸದ ಮಂಗಳಾರತಿ

ನಮ್ಮ ಭಾವನವರ ಬಗ್ಗೆ ಒಂದೇ ಮಾತಲ್ಲಿ ಹೇಳಬೇಕೆಂದರೆ, ನಮ್ಮ ಮನೆ ದೇವರನ್ನೇ ಸುಮ್ಮನಿರಿಸಿದ ಮನುಷ್ಯ. ಗಂಡನ ಅಣ್ಣನ ಬಗ್ಗೆ ಹೀಗೆ ಬರೆಯಬಹುದೇ ಅಂತ ನೀವು ಕೇಳಬಹುದು. ಆಗಿನ ಒಂದು ಭಾನುವಾರ ನಮ್ಮ ಜೀವನ್ ಬಿಮಾ ನಗರದ ಮನೆಗೆ ಬಂದು ಉಸಿರು ಬಿಗಿಹಿಡಿದು ಕೂತಿದ್ದರೆ ನಿಮಗೂ ಗೊತ್ತಾಗುತ್ತಿತ್ತು!

ಅವರಿಗೆ ಮದುವೆಯಾಗಲಿಲ್ಲ. ಕಾನೂನು ಕಾಲೇಜಿನ ಲೈಬ್ರರಿಯಲ್ಲಿ ಸದ್ದು ಮಾಡಬೇಡಿ ಅಂತ ಹುಡುಗರನ್ನು ಗದರುತ್ತಲೇ ನಿವೃತ್ತರಾದರು. ಆಮೇಲೆ ಗದರೋಕೆ ನಾವು ಸಿಕ್ಕೆವು. ಅಲ್ಲಿ ಪಾಠ ಹೇಳುತ್ತಿದ್ದ ಒಬ್ಬ ದೊಡ್ಡ ಮೇಷ್ಟ್ರು ತೀರಿಕೊಂಡಾಗ, ಸಂತಾಪ ಸಭೆಯಲ್ಲಿ ಎಲ್ಲರೂ ಅವರ ಮಾತನ್ನು ಯಾರಾದರೂ ರೆಕಾರ್ಡ್ ಮಾಡಿಡಬೇಕಿತ್ತು ಅಂದರಂತೆ. ಹಾಗಂದು, ಕಾಫಿ ಕುಡಿದು, ಮನೆಗೆ ಹೋದರಂತೆ. ನಮ್ಮ ಭಾವ ಮಾತ್ರ ನೆಟ್ಟಗೆ ಶಿವಾಜಿನಗರಕ್ಕೆ ಹೋಗಿ ಒಂದು ಹಳೇ ಟೇಪ್ ರೆಕಾರ್ಡರ್ ಹೊತ್ತು ತಂದರು. ಅವತ್ತಿನಿಂದ ಊರಲ್ಲಿದ್ದ ವಯಸ್ಸಾದ ಕಾನೂನು ಪಂಡಿತರೆಲ್ಲ ಒಬ್ಬೊಬ್ಬರಾಗಿ ನಮ್ಮ ಸೋಫಾ ಮೇಲೆ!

ರೆಕಾರ್ಡಿಂಗ್ ಇದ್ದ ದಿನ ಫ್ಯಾನ್ ಬಂದ್, ಕುಕ್ಕರ್ ಬಂದ್, ಮಿಕ್ಸಿ ಬಂದ್. ಒಗ್ಗರಣೆಯಲ್ಲಿ ಸಾಸಿವೆ ಚಟಪಟ ಅಂದರೂ ಒಳಗೆ ಬಂದು ಬಾಣಲೆಯನ್ನೇ ದುರುಗುಟ್ಟಿ ನೋಡುತ್ತಿದ್ದರು. ಆದರೆ ನೆತ್ತಿ ಮೇಲೆ ಹಾರುವ ವಿಮಾನಕ್ಕೆ ಯಾರು ಹೇಳೋದು? ಪಕ್ಕದ ಹಳೇ ನಿಲ್ದಾಣದಿಂದ ಒಂದು ಮೇಲೇರಿತೆಂದರೆ ಮೇಷ್ಟ್ರು ಸಂವಿಧಾನವನ್ನು ಅರ್ಧ ಬಾಯಲ್ಲೇ ಇಟ್ಟುಕೊಂಡು ಬೆವರುತ್ತಾ ಕಾಯಬೇಕು. ಭಾವ ಬಾಲ್ಕನಿಗೆ ಹೋಗಿ ಅದನ್ನೂ ಲೈಬ್ರರಿ ಹುಡುಗನಂತೆ ಗುರಾಯಿಸುತ್ತಿದ್ದರು. ಅದು ಹೊರಟುಹೋಗುತ್ತಿತ್ತು. ತಮಗೆ ಹೆದರಿಯೇ ಹೋಯಿತು ಅಂತ ಅವರ ನಂಬಿಕೆ ಇರಬೇಕು.

ಇಷ್ಟೆಲ್ಲ ನಿಶ್ಶಬ್ದ ಯಾರ ಮಾತಿಗೆ? ಹೆಚ್ಚಾಗಿ ಅವರ ಮಾತಿಗೇ! ಒಂದು ಸಲ ಪ್ರಶ್ನೆ ಕೇಳೋಕೆ ಶುರು ಮಾಡಿದವರು ಕ್ಯಾಸೆಟ್ಟಿನ ಒಂದು ಬದಿ ಮುಗಿದು ಟಕ್ ಅಂದಾಗಲೇ ನಿಲ್ಲಿಸಿದ್ದು. ಅದನ್ನು ತಿರುಗಿಸಿ ಹಾಕಿ, "ತಾವೇನಂತೀರಿ?" ಅಂದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ನೀವು ಹೇಳಿದ್ದು ಸರಿ" ಅಂದರು. ಅಷ್ಟೇ. ಆ ಕ್ಯಾಸೆಟ್ಟೂ ಜೋಪಾನವಾಗಿದೆ.

ಜೋಪಾನ ಅಂದರೆ ಎಂಥ ಜೋಪಾನ! ಬೂಷ್ಟು ಹಿಡಿಯಬಾರದು ಅಂತ ನನ್ನ ರೇಷ್ಮೆ ಸೀರೆಗಳ ಬೀರು ಕ್ಯಾಸೆಟ್ಟುಗಳ ಪಾಲಾಯಿತು, ಸೀರೆಗಳು ಮಂಚದ ಕೆಳಗಿನ ಟ್ರಂಕಿಗೆ ಹೋದವು. ಅಲ್ಲಿ ನನ್ನ ಧಾರೆ ಸೀರೆಗೆ ಹುಳ ತೂತು ಮಾಡಿತು. ತೋರಿಸಿದರೆ, "ಸದ್ಯ, ಕ್ಯಾಸೆಟ್ಟಿಗೆ ಬರಲಿಲ್ಲವಲ್ಲಮ್ಮ" ಅಂದರು. ದೇವರು ದೊಡ್ಡವನು, ತೂತು ನೆರಿಗೆಯೊಳಗೆ ಮುಚ್ಚಿಹೋಗುವ ಜಾಗದಲ್ಲಿತ್ತು.

ಇದನ್ನೆಲ್ಲ ಸಹಿಸಿಕೊಂಡೆ. ಆದರೆ ಗಂಟೆ? ಪೂಜೆ ಹೊತ್ತಿಗೇ ಮೇಷ್ಟ್ರುಗಳು ಬರುತ್ತಿದ್ದುದರಿಂದ ಗಂಟೆಯ ನಾಲಗೆಯನ್ನು ಬೆರಳಲ್ಲಿ ಅದುಮಿ ಹಿಡಿದು, ಆಡಿಸಿದಂತೆ ಮಾಡಿ, ಇನ್ನೊಂದು ಕೈಯಲ್ಲಿ ಆರತಿ ಎತ್ತುತ್ತಿದ್ದೆ. ಒಂದು ಭಾನುವಾರ ಹಾಲ್‌ನಲ್ಲಿ ಒಬ್ಬ ಮೇಷ್ಟ್ರು, ಈ ದೇಶದಲ್ಲಿ ಪ್ರತಿಯೊಬ್ಬರಿಗೂ ತಮಗೆ ಸರಿಕಂಡಂತೆ ಪೂಜೆ ಮಾಡುವ ಹಕ್ಕು ಇದೆ ಅಂತ ವಿಸ್ತಾರವಾಗಿ ಹೇಳುತ್ತಿದ್ದಾರೆ. ಒಳಗೆ ನಾನು ಗಂಟೆಯ ನಾಲಗೆ ಹಿಡಿದುಕೊಂಡು ನಿಂತಿದ್ದೀನಿ! ಎಷ್ಟು ಹೊತ್ತು ಅಂತ ತಡೆದುಕೊಳ್ಳಲಿ? ಬೆರಳು ತೆಗೆದೆ. ಬೀದಿಗೆಲ್ಲ ಕೇಳುವ ಹಾಗೆ ಬಾರಿಸಿದೆ.

ಭಾವ ಕೆಂಪು ಮುಖ ಮಾಡಿಕೊಂಡು ದೇವರ ಮನೆ ಬಾಗಿಲಿಗೆ ಓಡಿ ಬಂದರು. ಬೈಯೋಕೂ ಆಗಲಿಲ್ಲ, ಟೇಪು ಓಡುತ್ತಿತ್ತು. ಆ ಕ್ಯಾಸೆಟ್ ಕೆಟ್ಟಿತು ಅಂತ ಬೀರುವಿನ ಮೂಲೆಗೆ ತಳ್ಳಿ, ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಅದೂ ದೇವರ ದಯೆಯೇ ಅನ್ನಿ.

ಈಗ ಅದೇ ಕಾಲೇಜಿನವರು ಆ ದನಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಉಳಿಸಿಕೊಳ್ಳೋಕೆ ಒಪ್ಪಿದ್ದಾರೆ. ಒಂದೇ ಷರತ್ತು: ಯಾವ ಕ್ಯಾಸೆಟ್ಟಿನಲ್ಲಿ ಯಾರು ಏನು ಹೇಳಿದ್ದಾರೆ ಅಂತ ಬರೆದುಕೊಡಬೇಕು. ಬರೆದುಕೊಡಬಲ್ಲವರು ಭಾವ ಒಬ್ಬರೇ. ಅಷ್ಟರಲ್ಲಿ ಅವರ ಕಿವಿ ಹೋಗುತ್ತಾ ಬಂತು! ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಅಷ್ಟಿಷ್ಟು ಉಳಿದಿದೆ. ಅದೂ ಹೆಚ್ಚು ದಿನ ಇರಲ್ಲ ಅಂದಿದ್ದಾರೆ ಡಾಕ್ಟರು. ಅವರು ಕೊಟ್ಟ ಮಿಷನ್ ಹಾಕಿಕೊಂಡರೆ ಕಿವಿಯೊಳಗೆ ಕುಕ್ಕರ್ ಕೂಗತ್ತೆ ಅಂತ ಕಿತ್ತಿಡುತ್ತಾರೆ. ಅಣ್ಣ ಕೇಳಿಕೊಂಡಿದ್ದ ನಿಶ್ಶಬ್ದ ಕೊನೆಗೂ ಸಿಕ್ಕಿತು ಅಂತ ನಮ್ಮನೆಯವರ ಹಾಸ್ಯ.

ಹಾಗಾಗಿ ನಾನೇ ಅವರ ಕಿವಿ. ಊಟವಾದ ಮೇಲೆ ಒಂದೊಂದೇ ವಾಕ್ಯ ಕೇಳಿ, ಟೇಪು ನಿಲ್ಲಿಸಿ, ಬಲಗಿವಿಯ ಹತ್ತಿರ ಕೂಗುತ್ತೀನಿ, ಅವರು ಬರೆದುಕೊಳ್ಳುತ್ತಾರೆ. ಅರ್ಧ ಇಂಗ್ಲಿಷಿನ ಕಾನೂನು ನನಗೇನು ಅರ್ಥವಾಗತ್ತೆ? ಅರ್ಥ ಗೊತ್ತಿಲ್ಲದೆ ಎಷ್ಟು ಸ್ತೋತ್ರ ಬಾಯಿಪಾಠ ಮಾಡಿಲ್ಲ, ಹಾಗೇ ಇದೂ. ಹಲಸೂರಿನಿಂದ ಬಂದ ಪಕ್ಕದ ಮನೆ ತಮಿಳಮ್ಮ ಕಾಂಪೌಂಡಿನಾಚೆಯಿಂದ, "ಏನ್ರೀ, ದಿನಾ ಭಾವನ ಮೇಲೆ ಕೇಸ್ ನಡೆಸ್ತೀರಾ?" ಅಂತಾರೆ.

ಮೊನ್ನೆ ಮೂಲೆಗೆ ತಳ್ಳಿದ್ದ ಆ ಕ್ಯಾಸೆಟ್ಟಿನ ಸರದಿ ಬಂತು. ಹಕ್ಕಿನ ಮಾತೆಲ್ಲ ಬರೆಸಿದೆ. ಆಮೇಲೆ ಗಂಟೆ. ಅದು ಮುಗಿದ ಮೇಲೆ ಮೇಷ್ಟ್ರ ದನಿ. ನಾನು ಟೇಪು ನಿಲ್ಲಿಸಿ, ಕೂಗೋದು ಬಿಟ್ಟು ದೇವರ ಮನೆ ಕಡೆ ನೋಡಿದೆ.

"ಯಾಕೆ ನಿಲ್ಲಿಸಿದೆ? ಏನಿದೆ ಅಲ್ಲಿ?"

"ಗಂಟೆ, ಭಾವ. ನಾನು ಬಾರಿಸಿದ್ದು."

"ಆಮೇಲೆ?"

ಬಲಗಿವಿಗೆ ಬಗ್ಗಿ, ಮೇಷ್ಟ್ರು ಅಂದಿದ್ದನ್ನು ಒಂದಕ್ಷರ ಬಿಡದೆ ಕೂಗಿದೆ: "ಆಕೆಯನ್ನ ತಡೀಬೇಡ್ರಿ. ನಾನು ಇಷ್ಟು ಹೊತ್ತು ಹೇಳಿದ್ದು ಅದನ್ನೇ."

ಅವತ್ತು ನನ್ನನ್ನು ಬೈಯಲು ಒಳಗೆ ಓಡಿ ಬಂದಿದ್ದರಲ್ಲ, ಭಾವ ಇದನ್ನು ಕೇಳಿಸಿಕೊಂಡೇ ಇರಲಿಲ್ಲ. ಆ ಮೇಷ್ಟ್ರು ಈಗಿಲ್ಲ. ಭಾವ ಹಾಳೆ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅಷ್ಟನ್ನೂ ಬರೆದರು, ಗಂಟೆಯ ಸದ್ದು ಅಂತ ಕೂಡ. ಮತ್ತೊಮ್ಮೆ ಹಾಕಿಸಿ, ಸ್ಪೀಕರಿಗೆ ಬಲಗಿವಿ ಒತ್ತಿಕೊಂಡರು. ತಲೆ ಅಲ್ಲಾಡಿಸಿದರು.

"ಗಂಟೆ ಕೇಳಿಸ್ತಾ ಇಲ್ಲ ಕಣಮ್ಮ."

ಮಾರನೇ ದಿನ ಬೆಳಿಗ್ಗೆ, ಎಂದೂ ದೇವರ ಮನೆಗೆ ಕಾಲಿಡದವರು ಸ್ನಾನ ಮಾಡಿ ಬಂದು ಪಕ್ಕದಲ್ಲಿ ನಿಂತರು. ನಾನು ಗಂಟೆ ಎತ್ತುವಷ್ಟರಲ್ಲಿ ಕೈ ಚಾಚಿ ಅದರ ಮೈಯನ್ನು ಅಂಗೈಯಲ್ಲಿ ಹಿಡಿದುಕೊಂಡರು. "ಹೂಂ, ಬಾರಿಸು" ಅಂದರು.

ಹಾಗೆ ಹಿಡಿದರೆ ಗಂಟೆ ಎಲ್ಲಿ ನುಡಿಯಬೇಕು? ಬರೀ ಟುಕ್ ಟುಕ್. ನೋಡಿ, ನನ್ನ ಮಂಗಳಾರತಿಗೆ ಮತ್ತೆ ಸದ್ದಿಲ್ಲ! ಕೈ ತೆಗೀರಿ ಅನ್ನೋಣ ಅಂತ ತಿರುಗಿದರೆ, ಭಾವ ಕಣ್ಣು ಮುಚ್ಚಿ, ಅಂಗೈಗೆ ತಾಗುವ ಒಂದೊಂದು ಟುಕ್ಕಿಗೂ ಮೆಲ್ಲಗೆ ತಲೆದೂಗುತ್ತಿದ್ದರು. ಆರತಿ ಆರುವವರೆಗೂ ಬಾರಿಸುತ್ತಲೇ ಇದ್ದೆ.