ನಮ್ಮೂರಿಗಿ ಎಂಟನೇತ್ತಾ ಬಂದ ಫಜೀತಿ

ಸರಕಾರಿ ಸಾಲಿಗಿ ಊರ ಮಂದಿ ಕೈ ಹಚ್ಚಿದ್ರ ಕೆಲಸ ಆಗೇ ಆಗ್ತದ್ರಿ, ಆದ್ರ ಕೆಲಸದ ಬೆನ್ನಿಗೇ ಒಂದು ಫಜೀತಿನೂ ಹುಟ್ಟತದ. ನಾ ನಮ್ಮೂರ ಸಾಲಿ ಕಮಿಟಿಗಿ ಅಧ್ಯಕ್ಷ ಆದಮ್ಯಾಲಂತೂ ಒಂದು ಮುಗಿಯೂದ್ರಾಗ ಇನ್ನೊಂದು ಹಾಜರ್. ಕಮಿಟಿ ಅಂದ್ರ ಮತ್ತೇನಿಲ್ಲ, ಹುಡುಗರ ಅವ್ವ, ಅಪ್ಪ, ಅಜ್ಜ ಕೂಡಿ ಸಾಲಿ ಬೇಕುಬ್ಯಾಡ ನೋಡ್ಕೊಳ್ಳೋದು. ನನ್ನನ್ನ ಯಾಕ ಅಧ್ಯಕ್ಷ ಮಾಡಿದ್ರಂದ್ರ, ಸಭಾದಾಗ ಎಲ್ಲಾರೂ ಎದ್ದು ಹೋದ್ರೂ ನಾ ಒಬ್ಬನ ಮಾತಾಡ್ಕೋತ ಕುಂತಿದ್ದೆ.

ನಮ್ಮೂರು ಮಾನ್ವಿಗೂ ದೂರ, ದೇವದುರ್ಗಕ್ಕೂ ದೂರ. ಸಾಲಿ ಇದ್ದದ್ದು ಏಳನೇತ್ತಾ, ಅಂದ್ರ ಏಳನೇ ಕ್ಲಾಸ್ ತನಕ. ಎಂಟನೇತ್ತಾ ಬೇಕಂದ್ರ ಬಸ್ ಹತ್ತಬೇಕು. ಬಸ್ಸು ಬರ್ತದ, ನಿಲ್ಲಂಗಿಲ್ಲ. ನಿಂತ್ರ ಒಳಗ ಕಾಲಿಡಾಕ ಜಾಗ ಇರಂಗಿಲ್ಲ. ಗಂಡಹುಡುಗರು ಬಾಗಲಿಗಿ ಜೋತುಬಿದ್ದಾದ್ರೂ ಹೋಗ್ತಾರ. ಹುಡುಗ್ಯಾರು? ಏಳನೇತ್ತಾ ಮುಗೀತಂದ್ರ ಹತ್ತಿ ಬಿಡಸಾಕ ಹೊಲಕ್ಕ.

ಕುರಿ ಸಾವ್ಕಾರನ ಮಗಳು ಏಳನೇತ್ತಾದಾಗ ಓದ್ತಿದ್ಲು. ಸಾಲಿಗೆಲ್ಲಾ ಶಾಣ್ಯಾ ಹುಡುಗಿ, ಬಾಯಂತೂ ಮೆಣಸಿನಕಾಯಿ. ಒಂದಿನ ಕಟ್ಟಿ ಮ್ಯಾಲ ಕುಂತ ನನ್ನ ಮುಂದ ಬಂದು ನಿಂತ್ಲು.

"ಅಜ್ಜಾ, ಅಧ್ಯಕ್ಷ ಅದೀನಿ ಅಂತ ಊರ ತುಂಬಾ ಹೇಳ್ಕೋತ ಅಡ್ಡಾಡ್ತಿ. ನಮ್ಮೂರಾಗ ಎಂಟನೇತ್ತಾ ತರ್ತಿಯೋ ಇಲ್ಲೋ? ಇಲ್ಲಾಂದ್ರ ನಮ್ಮಪ್ಪ ನನ್ನ ಕುರಿ ಹಿಂದ ಹಚ್ಚತಾನ."

"ತರ್ತೀನವ್ವಾ! ವಿಧಾನಸೌಧದಾಗ ನನ್ನ ಮಾತು ನಡಿತದ."

"ಅಲ್ಲಿ ಬ್ಯಾಡ ಬಿಡು. ಮಾನ್ವಿ ಆಫೀಸಿನಾಗ ನಡಿತದನು, ಅದನ್ನ ಹೇಳು."

ಮರುದಿನ ಹೆಡ್‌ಮಾಸ್ತರನ್ನ ಕರ್ಕೊಂಡು ಮಾನ್ವಿಗಿ ಹೋದೆ. ಶಿಕ್ಷಣ ಆಫೀಸಿನ ಸಾಹೇಬ್ರು ಚೊಲೋ ಮನಷಾ. "ಖೋಲಿ ಅದ, ಮಾಸ್ತರು ಅದಾರ. ಕಂಪೌಂಡ್ ಇಲ್ಲ, ಕುಂಡ್ರಾಕ ಬೆಂಚ್ ಇಲ್ಲ. ಅವೆರಡು ನೀವ ಮಾಡ್ಕೋರಿ. ಮತ್ತ ಹುಡುಗ್ಯಾರು ಖರೇನ ಬರ್ತಾರ ಅಂತ ತೋರಿಸ್ರಿ. ಈ ವರ್ಷ ಆಗಲಿಲ್ಲಂದ್ರ ಎಂಟನೇತ್ತಾ ಬ್ಯಾರೆ ಊರಿಗಿ ಹೋಗ್ತದ ನೋಡ್ರಿ" ಅಂದ್ರು.

"ಅಷ್ಟೇನ್ರೀ?" ಅಂದೆ ನಾ. ಹೆಡ್‌ಮಾಸ್ತರು ನನ್ನ ಕಾಲು ತುಳದ್ರು. ಅಷ್ಟ್ರಾಗ ಮಾತು ಹೊರಗ ಬಂದಾಗಿತ್ತು.

ಗ್ವಾಡಿ

ನಮ್ಮ ಕಡಿ ಕಲ್ಲಿಗೇನು ಬರ ಇಲ್ಲ. ಟ್ರ್ಯಾಕ್ಟರ್ ಇದ್ದವರು ಕಲ್ಲು ತಂದು ಹಾಕಿದ್ರು, ಕಲ್ಲು ಕಟ್ಟೋ ಗೌಂಡ್ಯಾರು ಕೂಲಿ ಬ್ಯಾಡ ಅಂದ್ರು. ಮ್ಯಾಲಿನ ಓಣಿಯವರು ಒಂದು ಕಡಿಯಿಂದ, ಕೆಳಗಿನ ಓಣಿಯವರು ಇನ್ನೊಂದು ಕಡಿಯಿಂದ ಕಂಪೌಂಡ್ ಗ್ವಾಡಿ ಕಟ್ಕೋತ ಬರೋದು ಅಂತ ಠರಾವ್ ಆತು. ಅಷ್ಟ ಸಾಕಾತು ನೋಡ್ರಿ. ಎರಡೂ ಓಣಿಗಿ ಜಿದ್ದು ಹತ್ತಿತು. ಚಾ ಕುಡಿಯಾಕೂ ಒಬ್ಬರು ಕೆಳಗ ಇಳೀವಲ್ರು. ಆ ಗ್ವಾಡಿ ಎಷ್ಟು ಜೋರ್ ಏರಿತಂದ್ರ, ಮುಂಜಾನಿ ಮೇಯಾಕ ಹೋದ ಎಮ್ಮಿ ಸಂಜಿಗಿ ತಿರುಗಿ ಬಂದು ನಮ್ಮೂರು ಹೌದೋ ಅಲ್ಲೋ ಅಂತ ನಿಂತು ನೋಡ್ತು.

ನಾ ಬೇವಿನ ಗಿಡದ ಕೆಳಗ ಕುಂತು ಉಸ್ತುವಾರಿ ಮಾಡಾಕತ್ತಿದ್ದೆ. ರಾಯಚೂರು ಕೋಟಿ ಕಟ್ಟಿದವರು ನಮ್ಮ ಮನಿತನದವರು, ಗ್ವಾಡಿ ಅಂದ್ರ ನನಗೇನು ಹೊಸಾದಲ್ಲ.

ಸಂಜಿಮುಂದ ಎರಡೂ ಕಡಿ ಗ್ವಾಡಿ ಕೂಡಿತು. ಹಲಗಿ ಬಡದ್ರು, ಕಾಯಿ ಒಡದ್ರು. ಆವಾಗ ಒಳಗಿನಿಂದ ಹೆಡ್‌ಮಾಸ್ತರ ದನಿ ಬಂತು. ಪಾಪ, ಒಳಗ ನಿಂತು ಗ್ವಾಡಿಗಿ ನೀರು ಹೊಡಿಯಾಕತ್ತಿದ್ರು.

"ಅಧ್ಯಕ್ಷರ, ನಾ ಹೊರಗ ಹ್ಯಾಂಗ ಬರ್ಲೆರೀ?"

"ಗೇಟಿನಿಂದ ಬರ್ರಿ ಸರ್."

"ಗೇಟ್ ಎಲ್ಲಿ ಅದರೀ?"

ತಿರುಗಿ ನೋಡಿದ್ರ ಕಬ್ಬಿಣದ ಗೇಟು ನನ್ನ ಬೆನ್ನಿಗೇ ಬೇವಿನ ಗಿಡಕ್ಕ ಒರಗಿ ನಿಂತಿತ್ತು. ನಾ ಅದಕ್ಕ ಬೆನ್ನು ಹಚ್ಚೇ ಕುಂತಿದ್ದೆ. ಗೇಟಿಗಿ ಜಾಗ ಬಿಟ್ರ ನಮ್ಮ ಗ್ವಾಡಿ ಗಿಡ್ಡ ಆಗ್ತದ ಅಂತ ಮ್ಯಾಲಿನ ಓಣಿಯವರು ಬಿಟ್ಟಿಲ್ಲ, ಅವರು ಬಿಡಲಿ ಅಂತ ಕೆಳಗಿನವರು ಬಿಟ್ಟಿಲ್ಲ.

"ಒಡೀರಿ ಅಂದ್ರ ನಿಮ್ಮದು ಒಡೀರಿ!" "ಏ, ನಮ್ಮದ್ಯಾಕ ಒಡೀಬೇಕು?" ಅಂತ ಎರಡೂ ಓಣಿ ಶುರು ಹಚ್ಕೊಂಡ್ವು. ಹೆಡ್‌ಮಾಸ್ತರಿಗಿ ಗ್ವಾಡಿ ಮ್ಯಾಲಿಂದ ಹಗ್ಗ ಕಟ್ಟಿ ರೊಟ್ಟಿ, ಪುಂಡಿಪಲ್ಯ ಇಳಿಸಿದ್ವಿ. ಅವರು ರೊಟ್ಟಿ ಮುರೀಕೋತ, "ನನ್ನ ಸರ್ವಿಸಿನಾಗ ಸಾಲಿ ಬಿಟ್ಟು ಹೋದ ಹುಡುಗರನ್ನ ನೋಡೀನಿ, ಸಾಲಿ ಬಿಡಲಾರದ ಮಾಸ್ತರ ನಾನ ಮೊದಲು" ಅಂದ್ರು.

ಕಡೀಗಿ ಎರಡೂ ಗ್ವಾಡಿ ಕೂಡೋ ಮೂಲ್ಯಾಗ, ಇವರದೊಂದಿಷ್ಟು ಅವರದೊಂದಿಷ್ಟು ಒಡದು ಗೇಟ್ ಕುಂಡ್ರಿಸಿದ್ವಿ. ಎದುರಿಗಿ ಊರ ತಿಪ್ಪಿ ಅದ. ಈಗ ನಮ್ಮ ಸಾಲಿಗಿ ಯಾವ ಸಾಹೇಬ ಬರಲಿ, ಮೊದಲು ತಿಪ್ಪಿ ಸುತ್ತು ಹಾಕೇ ಒಳಗ ಬರಬೇಕು.

ಮದುಮಗನ ಖುರ್ಚಿ

ಬೆಂಚಿನ ಸಲುವಾಗಿ ರಾಯಚೂರಿಗಿ ಹೋದ್ವಿ, ಹತ್ತಿ ಬಜಾರ ಗಂಜಿನಾಗಿನ ಸೇಠನ ಹತ್ತರ. ನಮ್ಮೂರ ಹತ್ತಿ ಅವರಪ್ಪನ ಕಾಲದಿಂದ ಅವರ ಅಂಗಡಿಗೇ ಹೋಗ್ತದ. "ಆವ್ ಚಾಚಾ, ಬೈಠೋ" ಅಂತ ಗಾದಿ ಮ್ಯಾಲ ಕುಂಡ್ರಿಸಿ ಚಾ ತರಿಸಿದ.

ನಾ ಶುರು ಮಾಡಿದೆ. "ಸೇಠಜೀ, ನಮ್ಮ ಹುಡುಗರು ಕಲ್ಲಿನ ಮ್ಯಾಲ ಕುಂತು ಕುಂತು ಎದ್ದು ನಿಂತ್ರೂ ಕುಂತಂಗೇ ಕಾಣ್ತಾರ್ರೀ."

ಸೇಠನ ಕಣ್ಣಾಗ ನೀರು ಬಂತು. ನಕ್ಕು ಬಂತೋ ಅತ್ತು ಬಂತೋ ಗೊತ್ತಾಗಲಿಲ್ಲ. "ಬಚ್ಚ್ಯಾಂ ಕಾ ಕಾಮ್ ಚಾಚಾ, ಇಲ್ಲ ಅಂತ ಹ್ಯಾಂಗ ಅನ್ನಲಿ? ನಮ್ಮ ಶಾದಿಮಹಲಿಗಿ ಹೊಸಾ ಸಾಮಾನು ತರಿಸೀನಿ. ಅಲ್ಲಿ ಊಟಕ್ಕ ಕುಂಡ್ರೋ ಬೆಂಚು ಟೇಬಲ್ಲು ಎಲ್ಲಾ ಗಟ್ಟಿ ಅದಾವ. ಗಾಡಿ ಕಳಸ್ತೀನಿ" ಅಂದ.

ಗಾಡಿ ಬಂತು. ಬೆಂಚು ಇಳಿದ್ವು, ಟೇಬಲ್ಲು ಇಳಿದ್ವು. ಕಡೀಗಿ ಹಮಾಲರು ಇನ್ನೂ ಏನೋ ಇಳಸಾಕತ್ತಿದ್ರು. ನೋಡ್ತೀವಿ, ಮದುಮಗ ಮದುಮಗಳು ಕುಂಡ್ರೋ ಖುರ್ಚಿ, ಜೋಡಿ! ಕೆಂಪು ಮಖಮಲ್, ಬಂಗಾರದ ಬಣ್ಣ, ಹಿಂದ ನವಿಲು ಗರಿ ಬಿಚ್ಚಿದಂಗ ಕೆತ್ತನಿ. ಹೈದರಾಬಾದ್ ನಿಜಾಮ ಕಂಡಿದ್ರ ಅವನೂ ಒಂದು ಕೇಳ್ತಿದ್ದ.

"ಕೊಟ್ಟದ್ದು ತಿರುಗಿ ಕಳಸಿದ್ರ ಸೇಠಗ ಬ್ಯಾಸರ ಆಗ್ತದ" ಅಂತ ಎರಡೂ ಆಫೀಸ್ ಖೋಲ್ಯಾಗ ಇಟ್ವಿ. ಹೆಡ್‌ಮಾಸ್ತರು ಒಂದರ ಮ್ಯಾಲ ಕುಂತ್ರು. ಅಷ್ಟ್ರಾಗ ಹೊಸಾ ಟೀಚರಮ್ಮ ಹಾಜರಿ ಹಾಕಾಕ ಬಂದ್ರು. ಹೆಡ್‌ಮಾಸ್ತರು ಪಾಪ, ಮರ್ಯಾದಿ ಮನಷಾ, ಬಾಜೂ ಖುರ್ಚಿ ತೋರಿಸಿ, "ಬರ್ರಿ ಟೀಚರ್, ಕುಂಡ್ರಿ" ಅಂದ್ರು.

ಟೀಚರಮ್ಮ ಖುರ್ಚಿ ನೋಡಿದ್ರು, ಹೆಡ್‌ಮಾಸ್ತರನ್ನ ನೋಡಿದ್ರು. "ನಾ ನಿಂತೇ ಹಾಕ್ತೀನ್ರೀ ಸರ್. ನಮ್ಮ ಮನ್ಯಾಗ ಬ್ಯಾರೆ ಕಡಿ ಮಾತಾಡ್ಯಾರ" ಅಂದ್ರು.

ಅವತ್ತ ಖುರ್ಚಿ ಕ್ಲಾಸಿಗಿ ಹೋದ್ವು. ಮುಂಜಾನಿ ಯಾರು ಮೊದಲು ಬರ್ತಾರ ಅವರು ಮಖಮಲ್ ಮ್ಯಾಲ ಕುಂಡ್ರೋದು ಅಂತ ಮಾಡಿದ್ವಿ. ಹತ್ತಿ ಬಿಡಸೋ ಸುಗ್ಗ್ಯಾಗೂ ಸಾಲಿ ತುಂಬಿತು. ಒಂದಿನ ನಾ ವಾಕಿಂಗ್‌ಗಿ ಎದ್ದು ಹೋದ್ರ ಕುರಿ ಸಾವ್ಕಾರನ ಮಗಳು ಗೇಟಿನ ಮುಂದ ಚಾಪಿ ಹಾಸ್ಕೊಂಡು ಕುಂತಾಳ. "ಅಜ್ಜಾ, ಒಂದೀಟು ಸರಿ. ನೀ ಮೊದಲು ಒಳಗ ಹೋದ್ರ ನನ್ನ ಖುರ್ಚಿ ಹೋಗ್ತದ" ಅಂದ್ಲು.

ಸಾಹೇಬ್ರ ತಪಾಸಣಿ

ಗ್ವಾಡಿ ಆತು, ಬೆಂಚ್ ಆತು, ಸಾಹೇಬ್ರು ನೋಡಾಕ ಬರ್ತಾರ ಅಂತ ಫೋನ್ ಬಂತು. ನಮ್ಮ ಕಡಿ ಮನ್ಯಾಗ ಹಿರೇರ ಹೆಸರಿನಾಗ ಸಾಲಿ ಹುಡುಗರಿಗಿ ಸೀ ಊಟ ಹಾಕೋ ಪದ್ಧತಿ ಅದ. ಅವತ್ತ ಮ್ಯಾಲಿನ ಓಣಿಯವರು ಹೋಳಿಗಿ ಮಾಡ್ಕೊಂಡು ಬಂದ್ರು. ಅದು ಗೊತ್ತಾಗಿ ಕೆಳಗಿನ ಓಣಿಯವರು ಗೋಧಿ ಹುಗ್ಗಿ ಹೊತ್ಕೊಂಡು ಬಂದ್ರು. ತುಪ್ಪ ಕಡಿಮಿ ಬಿತ್ತು ಅಂತ ಯಾರೂ ಅನ್ನಬಾರದು ಅಂತ ಎರಡೂ ಕಡಿಯವರು ಗಿಂಡಿ ಹಿಡಕೊಂಡು ನಿಂತಿದ್ರು.

ಹೋಳಿಗಿ ತಿಂದು ಸಾಹೇಬ್ರು ಸಾಕು ಅಂದ್ರು. "ಅವರ ಹೋಳಿಗಿ ತಿಂದು ನಮ್ಮ ಹುಗ್ಗಿ ಬಿಟ್ರ ಹ್ಯಾಂಗ್ರೀ?" ಅಂದ್ರು ಇವರು. "ಹುಗ್ಗಿ ಎರಡು ಸಲ ಹಾಕ್ಸ್ಕೊಂಡ್ರಿ, ಹೋಳಿಗಿ ಒಂದ ಸಲ?" ಅಂದ್ರು ಅವರು. ಸಾಹೇಬ್ರಿಗಿ ಬೆವರು ಬಂತು. ಕೈ ತೊಳ್ಕೊಂಡು, "ಒಂದೀಟು ಕುಂತು ಕ್ಲಾಸ್ ನೋಡ್ತೀನಿ" ಅಂತ ಮಖಮಲ್ ಖುರ್ಚ್ಯಾಗ ಕುಂತ್ರು.

ಅಷ್ಟ. ಹೋಳಿಗಿ ಹುಗ್ಗಿ ಉಂಡ ಹುಡುಗರು ಟೇಬಲ್ ಮ್ಯಾಲ ತಲಿ ಇಟ್ರು. ಪಾಠ ಹೇಳ್ಕೋತಿದ್ದ ಹೆಡ್‌ಮಾಸ್ತರ ಮಾತು ಸಣ್ಣಗಾತು, ಕೈಯಾಗಿನ ಸೀಮಿಸುಣ್ಣ ಕೆಳಗ ಬಿತ್ತು. ಸಾಹೇಬ್ರ ಗೊರಕಿ ಎಂಥಾದ್ದಂದ್ರ, ಹೊರಗ ಡ್ರೈವರ್ ಜೀಪ್ ಚಾಲೂ ಆತಂತ ಓಡಿ ಬಂದು ಒಳಗ ಹಣಿಕಿ ಹಾಕಿದ.

ಸಾಲಿ ಬಿಡೋ ಹೊತ್ತಿಗಿ ಬಿಸಿಯೂಟದ ಅಡಗಿ ಯವ್ವ ಗಂಟಿ ಹೊಡದ್ಲು. ಹುಡುಗರು "ಹೋ" ಅಂತ ಎದ್ದು ಓಡಿದ್ರು. ಸಾಹೇಬ್ರಿಗಿ ಏನು ಕನಸು ಬಿದ್ದಿತ್ತೋ, ಬ್ಯಾಗ್ ಬಗಲಾಗ ಹಿಡಕೊಂಡು ಅವರೂ ಹುಡುಗರ ಜೋಡಿ ಗೇಟ್ ದಾಟಿ ಓಡಿದ್ರು! ತಿಪ್ಪಿ ದಾಟಿ, ಬಸ್‌ಸ್ಟ್ಯಾಂಡ್ ತನಕ ಹೋಗ್ಯಾರ. ಡ್ರೈವರ್ ನನ್ನೂ ಹತ್ತಿಸ್ಕೊಂಡು ಜೀಪ್ ತಗೊಂಡು ಬೆನ್ನ ಹತ್ತಿದ.

ಅಲ್ಲಿ ಉಸಿರು ಬಿಟ್ಕೋತ ನಿಂತು, ಸಾಹೇಬ್ರು ನನಗ ಹೇಳಿದ್ದು ಒಂದ ಮಾತು. "ಅಧ್ಯಕ್ಷರ, ಸಾಲಿ ಚೊಲೋ ಅದ. ಭಾಳ ವರ್ಷದ ಮ್ಯಾಲ ಸಾಲಿ ಬಿಟ್ಟಾಗ ಖುಷಿ ಆತು."

ಶಾಲು

ಉಳಿದದ್ದು ಒಂದ, ಹುಡುಗ್ಯಾರ ಅಪ್ಪಂದಿರು. ಅವರೆಲ್ಲಾ ಕುರಿ ಸಾವ್ಕಾರನ ಮುಖ ನೋಡೋರು. ಅವ ಹೂಂ ಅಂದ್ರ ಎಲ್ಲಾರೂ ಹೂಂ. ಅವನ ಹಟ್ಟಿಗಿ ಹೋದೆ.

"ಎಂಟನೇತ್ತಾ ಊರಿಗೇ ಬರಾಕತ್ತದಪಾ. ಮಗಳನ್ನ ಹಚ್ಚು."

"ಏಳು ಸಾಕು ಬಿಡೋ ಮಾವಾ. ನನ್ನ ಕುರಿ ಏನು ಇಂಗ್ಲಿಷ್ ಮಾತಾಡ್ತಾವು?"

ಮಗಳು ಕುರಿಮರಿ ಹಿಡಕೊಂಡು ಅಲ್ಲೇ ನಿಂತಿದ್ಲು. ಅಪ್ಪನ ಮಾತು ಕೇಳಿ ಮರಿ ಎತ್ಕೊಂಡು ಒಳಗ ಹೋದ್ಲು. "ಆತು ಬಿಡು. ಶನಿವಾರ ಸಾಲ್ಯಾಗ ನಿನಗೊಂದು ಸನ್ಮಾನ ಅದ, ಬಂದು ಹೋಗು" ಅಂದೆ.

"ಸನ್ಮಾನಾ? ನನಗಾ? ಯಾಕಾ?"

"ಬಾ, ಹೇಳ್ತೀವಿ."

ಸನ್ಮಾನ ಬ್ಯಾಡ ಅನ್ನೋ ಗಂಡಸು ನಮ್ಮ ಜಿಲ್ಲೆದಾಗ ಇನ್ನೂ ಹುಟ್ಟಿಲ್ಲ. ಶನಿವಾರ ಇಸ್ತ್ರಿ ಧೋತರ, ಬಣ್ಣದ ರುಮಾಲು ಸುತ್ಕೊಂಡು ಎಲ್ಲಾರಿಗಿಂತ ಮೊದಲು ಬಂದು ಸ್ಟೇಜ್ ಮ್ಯಾಲ ಕುಂತ. ಮೊದಲ ಶಾಲು ಸಾಹೇಬ್ರಿಗಿ ಹಾಕಿದ್ವಿ. ಎರಡನೇದು ಹಿಡಕೊಂಡು ನಾ ಮೈಕ್ ತಗೊಂಡೆ.

"ಇಡೀ ಊರಾಗ ಮೊದಲನೇದಾಗಿ ಮಗಳನ್ನ ಎಂಟನೇತ್ತಕ್ಕ ಹಚ್ಚಿದ ಧೀರ, ನಮ್ಮ ಕುರಿ ಸಾವ್ಕಾರಗ..."

ಹಲಗಿ ಬಡದ್ರು, ಹಾರ ಬಿತ್ತು, ಶಾಲು ಬಿತ್ತು, ಫೋಟೋ ಹೊಡದ್ರು. ಸಾವ್ಕಾರ ಬಾಯಿ ತಗದು, "ಏ, ನಾ ಎಲ್ಲಿ..." ಅನ್ನೂದ್ರಾಗ ಹೆಣ್ಣಮಕ್ಕಳ ನಡುವಿನಿಂದ ಅವನ ಹೇಂತಿ ಎದ್ದು ನಿಂತ್ಲು. "ಹೂಂ ಅನ್ನೋ! ಶಾಲು ಚೊಲೋ ಅದ!"

ಅವ ಶಾಲಿನ ಅಂಚು ಮುಟ್ಟಿ ನೋಡಿದ. ಮಂದಿ ಕಡಿ ನೋಡಿದ. ಮೀಸಿ ತಿರುವಿದ. "ಹಚ್ಚೀನಿ ಅಂದ್ರ ಹಚ್ಚೀನಿ! ಯಾವನಾಗ ತಾಕತ್ತದ, ನನ್ನ ಹಂಗ ಹಚ್ಚಲಿ!" ಅಂದ.

ಕೆಳಗ ಕುಂತ ಅಪ್ಪಂದಿರು ಒಬ್ಬೊಬ್ಬರ ಎದ್ರು. "ನಮ್ಮ ಮಗಳೇನು ಕಡಿಮಿನು? ನಮಗೂ ಹಾಕ್ರಿ!" ಶಾಲು ಎಲ್ಲಿಂದ ತರಬೇಕ್ರೀ? ಸಾವ್ಕಾರನ ಶಾಲು ಜಗ್ಗಿ ನೋಡಿದೆ, ಅವ ಅದರ ಮ್ಯಾಲೇ ಕುಂತ್ಬಿಟ್ಟಿದ್ದ. ಕಡೀಗಿ, "ಸಾಹೇಬ್ರ, ಒಂದ ನಿಮಿಷ" ಅಂತ ಸಾಹೇಬ್ರ ಶಾಲು ಎತ್ತಿದೆ. ಮುಂದ ನಾ ಹಾಕೋದು, ಫೋಟೋ ಹೊಡಿಯೋದು, ಹಿಂದಿನಿಂದ ಅಡಗಿ ಯವ್ವ ಜಗ್ಗೋದು. ಹಿಂಗ ಎಲ್ಲಾ ಅಪ್ಪಂದಿರ ಹೆಗಲು ಸುತ್ತಿ ಅದ ಶಾಲು ಮತ್ತ ಸಾಹೇಬ್ರ ಹೆಗಲಿಗಿ ಬಂತು. ಪಾಪ, ಅವರು ಎರಡನೇ ಸಲ ಎದ್ದು ನಿಂತು ಕೈ ಮುಗದ್ರು. ಮ್ಯಾಲಿನ ಆಫೀಸಿಗಿ ಅವತ್ತೇ ಬರದು ಕಳಸಿದ್ರು, ಮಂಜೂರಾತಿನೂ ಬಂತು.

ಎಂಟನೇತ್ತಾ ಶುರುವಾದ ದಿನ ನಾ ಗೇಟಿನಾಗ ಎದಿ ಉಬ್ಬಿಸಿ ನಿಂತಿದ್ದೆ. ಸಾವ್ಕಾರನ ಮಗಳು ಎರಡು ಜಡಿ ಹಾಕ್ಕೊಂಡು, ಗೆಳತ್ಯಾರನ್ನ ಹಿಂದ ಕಟ್ಕೊಂಡು ಬಂದ್ಲು. ನನ್ನ ಮುಂದ ನಿಂತ್ಲು.

"ಅಜ್ಜಾ, ಎಂಟನೇತ್ತಾ ಕಲಿಯೋಕಿ ನಾನು. ಶಾಲು ನಮ್ಮಪ್ಪಗ ಹಾಕಿದ್ರಿ. ನನಗೇನು?"

ಖರೇ ಮಾತು. ನನ್ನ ಹತ್ತರ ಏನದ? ಹೆಗಲ ಮ್ಯಾಲಿನ ಟವೆಲ್ ತಗದು, ಝಾಡಿಸಿ, ಆಕಿ ಹೆಗಲಿಗಿ ಹಾಕಿದೆ. "ತಗೋವ್ವಾ, ಇದೇನು ಸಾದಾ ಟವೆಲ್ ಅಲ್ಲ. ದಿಲ್ಲಿಯೊಳಗ ನನಗ ಸನ್ಮಾನ ಮಾಡಿ ಹಾಕಿದ್ದು."

ಹುಡುಗಿ ಟವೆಲ್ ಮೂಗಿಗಿ ಹಿಡದು ನೋಡಿದ್ಲು. ಮಡಚಿ ನನ್ನ ಕೈಯಾಗ ತಿರುಗಿ ಇಟ್ಲು.

"ಏಳನೇತ್ತಾ ತನಕ ನೀ ಹೇಳಿದ್ದೆಲ್ಲಾ ನಂಬೀನಿ ಅಜ್ಜಾ. ಇನ್ನ ನಂಬಂಗಿಲ್ಲ" ಅಂದು ಒಳಗ ಹೋದ್ಲು.