ಮಾವನ ಕಪ್ಪು ಹಲಗೆ

ಬಲಗಿವಿಯ ಹಿಂದೆ ಬೆರಳುದ್ದದ ಸೀಮೆಸುಣ್ಣ. ಅದಿಲ್ಲದೆ ನಮ್ಮ ಸೋದರಮಾವನನ್ನು ಕಂಡವರಿಲ್ಲ. ಮಲಗುವಾಗಲೂ ತೆಗೆಯುವುದಿಲ್ಲ ಎಂಬುದು ಅತ್ತೆಯ ಆರೋಪ. ಸುಣ್ಣದ ಗೆರೆ ಹತ್ತಿದ ದಿಂಬೂ ಅತ್ತೆಯ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು! ಗುಟ್ಟು ಎಂದರೇನೆಂದು ತಿಳಿಯದ ಮನುಷ್ಯ ಲೋಕದಲ್ಲಿ ಒಬ್ಬರಿದ್ದರೆ ಅದು ನನ್ನ ಮಾವ.

ಕಿಕ್ಕೇರಿಯಿಂದ ಸ್ವಲ್ಪ ಆಚೆ, ಒಂದು ಹಳ್ಳಿಯಲ್ಲಿ ಅವರು ಮೇಷ್ಟ್ರು. ಎಲ್ಲ ಶಾಲೆಗಳಲ್ಲಿರುವಂತೆ ಅಲ್ಲಿಯೂ ದಿನಕ್ಕೊಂದು ನುಡಿಮುತ್ತು ಬರೆಯಲು ಹೊರಗೋಡೆಗೆ ಒಂದು ಕಪ್ಪು ಹಲಗೆ. ಅದರ ಮುಖ ಬಸ್ಸು ನಿಲ್ಲುವ ಕಡೆಗೆ. ದೊಡ್ಡವರ ನುಡಿಮುತ್ತುಗಳೆಲ್ಲ ಮುಗಿದ ಮೇಲೆ ಮಾವ ತಮ್ಮ ಸಮಾಚಾರವನ್ನೇ ಬರೆಯತೊಡಗಿದರು. “ನಿನ್ನೆ ಭಾಗಾಕಾರದಲ್ಲಿ ನಾನೇ ತಪ್ಪಿದೆ. ಮಕ್ಕಳು ತಿದ್ದಿದರು.” ಇನ್ನೊಂದು ದಿನ, “ಎರಡನೇ ಪಿರಿಯಡ್ಡಿನಲ್ಲಿ ಕಿಟಕಿಯಾಚೆ ಒಂದು ಮೋಡ ನಿಂತಿತು. ನಾವೂ ನಿಂತೆವು. ಪಾಠ ಮುಂದೆ ಹೋಗಲಿಲ್ಲ.”

ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರ್ ಇದನ್ನು ಗಟ್ಟಿಯಾಗಿ ಓದಿ ಮುಗಿಸದೆ ರೈಟ್ ಹೇಳುತ್ತಿರಲಿಲ್ಲ.

“ಮೇಷ್ಟ್ರೇ, ಮೋಡ ವೋಯ್ತಾ, ಇನ್ನೂ ಅಲ್ಲೇ ಅದಾ?”

“ಅದೆ ಕಣಯ್ಯ, ಅದನ್ನೂ ಹತ್ತುಸ್ಕೊಂಡೋಗು!”

ಮನೆಯ ಉಪ್ಪಿಟ್ಟೂ ಹಲಗೆ ಹತ್ತಿತು. ಗಂಟಿದ್ದರೂ ರುಚಿಯಾಗಿತ್ತು ಎಂದು ಬರೆದುಬಿಟ್ಟರು. ಅತ್ತೆ ಸೌಟು ಹಿಡಿದೇ ಹೊರಬಂದರು.

“ಗಂಟಿನ್ ವಿಸ್ಯ ಊರ್ಗೆಲ್ಲ ಯಾಕ್ ಬೇಕಿತ್ತು?”

“ರುಚಿ ಅಂತ್ಲೂ ಬರ್ದಿವ್ನಲ್ಲ ಕಣೇ!”

“ಬಾವಿ ತಾವ ರುಚಿ ಯಾರೂ ಕೇಳ್ನಿಲ್ಲ. ಗಂಟ್ನೇ ಕೇಳುದ್ರು!”

ತೊಂಬತ್ತರ ದಶಕದ ಆ ದಿನಗಳಲ್ಲಿ ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಹಾಸ್ಟೆಲಿನ ಕಿಟಕಿಗೆ ಎರಡೆರಡು ಪರದೆ ಕಟ್ಟಿಕೊಂಡವಳು! ರಜೆಗೆ ಹೋದಾಗೆಲ್ಲ ಅವರೊಡನೆ ವಾದ ಹೂಡುತ್ತಿದ್ದೆ. ತರಗತಿಯ ಮಾತನ್ನು ಬೀದಿಗೆ ತರಬಹುದೇ? ಮೇಷ್ಟ್ರ ಗೌರವ ಏನಾಗಬೇಕು?

“ಮೇಷ್ಟ್ರೂ ತಪ್ ಮಾಡ್ತಾರೆ ಅಂತ ಗೊತ್ತಾದ್ರೆ ಐಕ್ಳು ಎದ್ರಿಕೆ ಬುಟ್ಟು ಲೆಕ್ಕ ಮಾಡ್ತವೆ ಕಣವ್ವ,” ಎನ್ನುತ್ತಿದ್ದರು. ಅದೂ ಸುಳ್ಳಲ್ಲ. ಓದು ಎಂದೋ ನಿಂತುಹೋಗಿದ್ದ ಹೆಂಗಸರು ಬಿಸಿಲು ಏರುವವರೆಗೂ ಹಲಗೆಯ ಮುಂದೆ ನಿಂತು, ಕನಸಿನಲ್ಲಿ ದಾರಿ ಹುಡುಕುವವರಂತೆ, ಅಕ್ಷರಕ್ಕೆ ಅಕ್ಷರ ಕೂಡಿಸುವುದನ್ನು ನಾನೇ ಕಂಡಿದ್ದೆ.

ಆಮೇಲೆ, ನಾನು ರಜೆಗೆ ಬಂದಿದ್ದಾಗ, ಒಂದು ಬೆಳಗ್ಗೆ ಬರೆದರು: “ಕೊನೆಯ ಬೆಂಚಿನ ಹುಡುಗಿ ದಿನವೂ ನಿದ್ದೆ ಹೋಗುತ್ತಾಳೆ. ನನ್ನ ಪಾಠ ಜೋಗುಳವಾಯಿತೇ?”

ಮಾವ ನಕ್ಕದ್ದು ತಮ್ಮನ್ನೇ ನೋಡಿಕೊಂಡು. ಹೆಸರನ್ನೂ ಬರೆದಿರಲಿಲ್ಲ. ಅಷ್ಟು ಚಿಕ್ಕ ಊರಿನಲ್ಲಿ ಹೆಸರು ಯಾಕೆ ಬೇಕು? ಹುಡುಗರು ಅವಳನ್ನು ಕಂಡಕಂಡಲ್ಲಿ ಜೋಗುಳ ಹಾಡಿದರು. ಅವಳು ಶಾಲೆಗೆ ಬರುವುದನ್ನೇ ಬಿಟ್ಟಳು.

ಮಾವ ಹಲಗೆ ಒರೆಸಿ, ಒಂದು ಸಂಜೆ ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದರು. ಅವಳಪ್ಪ ಜಗುಲಿಯಿಂದ ಏಳಲಿಲ್ಲ.

“ಅವ್ರವ್ವ ಕೈ ಮುರ್ಕೊಂಡು ಕುಂತವ್ಳೆ. ನಾನು ರಾತ್ರೆ ಕರೆಂಟ್ ಬಂದಾಗ ಗದ್ದೆಗೆ ನೀರ್ ಕಟ್ಟಾಕೋಯ್ತೀನಿ. ಕತ್ಲಲ್ಲೇ ಎದ್ದು ಹಾಲ್ ಕರ್ದು ಡೈರಿ ಲೈನಲ್ಲಿ ನಿಂತ್ಕೊಳೋ ಮಗೀಗೆ ನಿದ್ದೆ ಬರಾಕಿಲ್ವಾ ಮೇಷ್ಟ್ರೇ?”

ಮಾವನ ಮುಖ ಸಣ್ಣದಾಯಿತು. ಕಂಬದ ಹಿಂದೆ ನಿಂತಿದ್ದ ಹುಡುಗಿಗೆ, “ತಪ್ಪಾಯ್ತು ಕಣವ್ವ. ನಾಳೆ ಬೋರ್ಡ್ ಮ್ಯಾಲೆ ಅಂಗೇ ಬರೀತೀನಿ,” ಎಂದರು.

“ಬ್ಯಾಡಿ ಸಾ. ಮತ್ತೆ ನನ್ ವಿಸ್ಯನೇ ಆಯ್ತದೆ.”

ಪ್ರತಿ ರಜೆಯಲ್ಲೂ ನಾನು ಹೂಡಿದ ವಾದಗಳಿಗೆಲ್ಲ ಜಗ್ಗದ ಮನುಷ್ಯ ಈ ಒಂದು ಮಾತಿಗೆ ಜಗ್ಗಿಬಿಟ್ಟರು.

“ಶಾಲೆಗೆ ಬತ್ತೀಯಾ?”

“ಎಚ್ರವಾಗಿರಾಕಾದ್ರೆ ಬತ್ತೀನಿ.”

ಹಿಂತಿರುಗುವಾಗ ಕೆರೆಯ ಏರಿಯ ಮೇಲೆ ಮಂಜು ಇಳಿಯುತ್ತಿತ್ತು.

ಮರುದಿನ ಬೆಳಗ್ಗೆ ಬೆಳಕು ಹರಿಯುವ ಮೊದಲೇ ನಾನು ಅವಳ ಕೊಟ್ಟಿಗೆಗೆ ಹೋದೆ. ಮಾವ ಆಗಲೇ ಅಲ್ಲಿದ್ದರು, ಕರು ಹಿಡಿದುಕೊಂಡು. ಕರು ಅವರ ಅಂಗಿಯ ತುದಿ ಜಗಿಯುತ್ತಿತ್ತು. ಹುಡುಗಿ ಕರೆದು ಮುಗಿಸಿದ ಹಾಲಿನ ಕ್ಯಾನನ್ನು ನಾನು ಇಸಿದುಕೊಂಡು, “ನೀನು ಹೋಗಿ ಮಲಗು,” ಎಂದೆ. ಡೈರಿಯ ಮುಂದಿದ್ದ ಹೆಂಗಸರು ಯಾರ ಮನೆ ಹುಡುಗಿಯವ್ವ ನೀನು ಎಂದು ಕೇಳಿದರು. ಮೇಷ್ಟ್ರ ಮನೆಯ ಹುಡುಗಿ ಎಂದೆ. ಸಾಲಿನ ಕೊನೆಗೆ ಹೋಗಿ ನಿಂತುಕೊಂಡೆ.